ಹಂಚಿನ ದನಿ ಕೇಳುವ ಕಿವಿ

ಆಸಾಡಿ ಅಮಾಸೆಯ ದಿನ ಮರವಂತೆಯ ಕಡಲಲ್ಲಿ ಮುಳುಗಿ ಎದ್ದ ಸುಂದರಿಯ ಬಲಗಿವಿ ಕಟ್ಟಿತು. ನೀರು ಹೊಕ್ಕಿರಬೇಕೆಂದು ಅಲ್ಲೇ ಮರಳಿನಲ್ಲಿ ತಲೆ ವಾಲಿಸಿ ಒಂಟಿಕಾಲಲ್ಲಿ ಕುಣಿದಳು. ಜೊತೆಗೆ ಬಂದ ಹೆಂಗಸರು ನಕ್ಕರು. ಹೀಗಲ್ಲ, ಹೀಗೆ ಎಂದು ತಾವೂ ಕುಣಿದು ತೋರಿಸಿದರು. ಕಿವಿ ಬಿಡಲಿಲ್ಲ. ಬಸ್ಸಿನಲ್ಲಿ ಕೂತಾಗ ಬಲಬದಿಯ ಲೋಕವೆಲ್ಲ ಹತ್ತಿಯ ಮೂಟೆಯೊಳಗೆ ಹೋದ ಹಾಗಿತ್ತು.

ಇದು ನಮ್ಮಲ್ಲಿ ಯಾರಿಗೆ ಆಗಿಲ್ಲ ಹೇಳಿ? ತಲೆಗೆ ನೀರು ಹಾಕಿಕೊಂಡಾಗ ಆಗುತ್ತದೆ, ಹೊಳೆಯಲ್ಲಿ ಮಿಂದಾಗ ಆಗುತ್ತದೆ. ಎರಡು ದಿನ ಬಿಟ್ಟರೆ ಸರಿಹೋಗುತ್ತದೆ ಅನ್ನುತ್ತೇವೆ. ಸುಂದರಿಗೆ ಹಾಗೆ ಬಿಡಲು ಬರುವಂತಿರಲಿಲ್ಲ. ಅವಳು ಕಿವಿಯಿಂದ ದುಡಿದು ಉಣ್ಣುವವಳು.

ಕುಂದಾಪುರದ ಹೊಳೆಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಅವಳಿಗೆ ಹಂಚು ಬಡಿದು ನೋಡುವ ಕೆಲಸ. ಭಟ್ಟಿಯಲ್ಲಿ ಬೆಂದು ಬಂದ ಹಂಚನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಸಣ್ಣ ಕೋಲಿನಿಂದ ಒಮ್ಮೆ ತಟ್ಟಬೇಕು. ಸರಿಯಾಗಿ ಬೆಂದದ್ದು ಗಂಟೆಯ ಹಾಗೆ ‘ಟಿಣ್’ ಅನ್ನುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ‘ಟೊಕ್’ ಅಂದು ಅಲ್ಲೇ ಸಾಯುತ್ತದೆ. ಆ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಕಿವಿಗೆ ಮಾತ್ರ ಕಾಣುತ್ತದೆ. ಹದಿನೇಳು ವರ್ಷಗಳಲ್ಲಿ ಈ ಸೀಮೆಯ ಎಷ್ಟು ಮನೆಯ ಮಾಡು, ಎಷ್ಟು ಶಾಲೆಯ ಮಾಡು ಸುಂದರಿಯ ಕಿವಿ ದಾಟಿ ಹೋಗಿವೆಯೋ, ಲೆಕ್ಕ ಇಟ್ಟವರಿಲ್ಲ. ಸೋರದ ಮಾಡಿನ ಕೆಳಗೆ ಮಲಗುವವರಿಗೆ ಅವಳ ಹೆಸರೂ ಗೊತ್ತಿಲ್ಲ.

ಕಿವಿ ಕಟ್ಟಿದ ಮೇಲೆ ಅವಳು ಎಡಗಿವಿಯನ್ನು ಒಡ್ಡಿ ನೋಡಿದಳು. ಆದರೆ ಮಣ್ಣು ಅರೆಯುವ ಯಂತ್ರ ಇದ್ದದ್ದು ಎಡಕ್ಕೇ. ಅದರ ಗರಗರದಲ್ಲಿ ಟಿಣ್ಣೂ ಒಂದೇ, ಟೊಕ್ಕೂ ಒಂದೇ. ಆ ವಾರ ಬ್ರಹ್ಮಾವರಕ್ಕೆ ಹೋದ ಲೋಡಿನಲ್ಲಿ ಹತ್ತೊಂಬತ್ತು ಬಿರುಕು ಹಂಚು ಸಿಕ್ಕಿದವು. ಬುಧವಾರ ಮೇಸ್ತ್ರಿ ಚಂದಯ್ಯ ಬೆಂಚಿನ ಎದುರು ಬಂದು ನಿಂತ.

“ಹ್ವಾಯ್ ಕೆಪ್ಪಿ,” ಅಂದ, ಎಲ್ಲರಿಗೂ ಕೇಳುವ ಹಾಗೆ. “ಶನಿವಾರ ಹತ್ತ್ ಹಂಚ್ ಇಡ್ತೆ. ಒಂದ್ ತಪ್ಪಿರೂ ಸೋಮವಾರದಿಂದ ನೀ ಮಣ್ಣಿಗ್ ಹೋಪುದೆ.”

ಮಣ್ಣಿಗೆ ಅಂದರೆ ಹಸಿಮಣ್ಣಿನ ಬುಟ್ಟಿ ಹೊರುವುದು. ಅದು ಕೀಳು ಕೆಲಸವಲ್ಲ. ಆ ಮಣ್ಣು ಬಾರದೆ ಹಂಚೇ ಇಲ್ಲ. ಆದರೆ ಹದಿನೇಳು ವರ್ಷ ಪಳಗಿದ ವಿದ್ಯೆಯನ್ನು ಒಂದು ಬೈಗುಳದಲ್ಲಿ ಕಿತ್ತುಕೊಳ್ಳುವ ಅಧಿಕಾರ ಇವನಿಗೆ ಯಾರು ಕೊಟ್ಟರು? ನಿನ್ನ ಕಿವಿಗೆ ಏನಾಗಿದೆ ಎಂದು ಒಂದು ಮಾತು ಕೇಳಿದನೇ?

ಸುಂದರಿಯ ಅತ್ತೆ ಅಕ್ಕು ಅದೇ ಬೆಂಚಿನಲ್ಲಿ ಮೂವತ್ತು ವರ್ಷ ಕೂತು ಬಂದವಳು. ಸೊಸೆಗೆ ಹಂಚಿನ ದನಿ ಕಲಿಸಿದವಳು ಅವಳೇ. ಇನ್ನೊಂದು ಪಾಠವನ್ನೂ ಅವಳೇ ಕಲಿಸಿದ್ದಳು: ಕತ್ತಿಯಿಂದ ದುಡಿಯುವವನು ಕತ್ತಿ ಮಸೆದಿಡುತ್ತಾನೆ, ಕಿವಿಯಿಂದ ದುಡಿಯುವವಳು ದಿನಾ ಸಂಜೆ ಕಿವಿಯ ಗುಗ್ಗೆ ತೆಗೆಯಬೇಕು. ಕಾರ್ಖಾನೆಯ ಕೆಂಪು ದೂಳು ಒಳಗೆ ಉಳಿಯಬಾರದು. ಅಕ್ಕುವಿನ ಕಾಲಕ್ಕೆ ಹೇರ್‌ಪಿನ್ನು, ಸುಂದರಿಯ ಕಾಲಕ್ಕೆ ಪೇಟೆಯ ಬಡ್ಸ್. ಹಂಚಿಗೆ ಒಡ್ಡುವ ಬಲಗಿವಿಗೇ ಅವಳ ಉಪಚಾರ ಹೆಚ್ಚು. ಬೆಂಚಿನ ಎಂಟೂ ಹೆಂಗಸರು ಹೀಗೇ ಮಾಡುತ್ತಿದ್ದರು. ಹತ್ತಿಯ ತುದಿಗೆ ಕೆಂಪು ಗುಗ್ಗೆ ಹತ್ತಿ ಬಂದರೆ ಅವರಿಗೆ ಸಮಾಧಾನ. ಅದು ಅಸಡ್ಡೆಯಲ್ಲ, ಕೆಲಸದ ಮೇಲಿನ ಭಕ್ತಿ.

ಬುಧವಾರ ಸಂಜೆ ಆಶಾ ಕಾರ್ಯಕರ್ತೆ ವನಜ ಸೊಳ್ಳೆಮರಿ ನೋಡಲೆಂದು ಸುಂದರಿಯ ಮನೆಗೆ ಬಂದು, ನೀರಿನ ಡ್ರಮ್ಮಿನೊಳಗೆ ಇಣುಕಿ, ಹಾಗೇ ಅಡಿಗೆಮನೆಗೂ ಇಣುಕಿದಳು. ಒಲೆಯ ಮೇಲೆ ಸೌಟಿನಲ್ಲಿ ತೆಂಗಿನೆಣ್ಣೆ, ಅದರಲ್ಲಿ ಸಿಡಿಯುತ್ತಿರುವ ಬೆಳ್ಳುಳ್ಳಿ. ಸುಂದರಿ ನೆಲದಲ್ಲಿ ಕಿವಿ ಮೇಲೆ ಮಾಡಿ ಮಲಗಿದ್ದಳು. ವನಜ ಬಂದವಳೇ ಅಕ್ಕು ಎತ್ತಿದ ಸೌಟಿಗೆ ಕೈ ಅಡ್ಡ ಹಿಡಿದಳು.

“ಅಕ್ಕು ಅಮ್ಮ, ಆ ಎಣ್ಣೆ ನಿಮ್ಮ ಅಂಗೈಗೆ ಹೊಯ್ಕಂತ್ರಿಯಾ?”

“ಅಂಗೈಗ್ ಎಂತಕೆ? ಕಟ್ಟಿದ್ದ್ ಇವಳ್ ಕಿವಿ.”

“ಅಂಗೈಯೇ ತಡಿಯುದಿಲ್ಲ ಅಂದ್ರೆ ಕಿವಿ ತಡಿತ್ತಾ? ಒಳಗಿಪ್ಪುದು ಈರುಳ್ಳಿ ಸಿಪ್ಪೆಯಷ್ಟ್ ತೆಳು ಪರದೆ.”

ಅಕ್ಕು ಬಗ್ಗಲಿಲ್ಲ. ತನ್ನ ಹೆತ್ತ ಅಬ್ಬಿ ಹೊಯ್ದದ್ದು, ತಾನು ಹೊಯ್ದದ್ದು, ಯಾರೂ ಸತ್ತಿಲ್ಲ ಎಂದಳು. ನಿನ್ನೆ ಮೊನ್ನೆ ಚೀಲ ಹಾಕಿಕೊಂಡ ಹೆಣ್ಣು ಮೂವತ್ತು ವರ್ಷ ಹಂಚು ಬಡಿದವಳಿಗೆ ಕಿವಿಯ ಪಾಠ ಹೇಳುವುದೇ ಎಂದೂ ಕೇಳಿದಳು. ವನಜ ಜಗಳಕ್ಕೆ ನಿಲ್ಲಲಿಲ್ಲ. ನಾಳೆ ಸರಕಾರಿ ಆಸ್ಪತ್ರೆಯಲ್ಲಿ ಕಿವಿಯ ಡಾಕ್ಟರು ಇರುತ್ತಾರೆ, ನೀವೂ ಬನ್ನಿ, ಡಾಕ್ಟರು ಹೇಳಿದ್ದು ತಪ್ಪಾದರೆ ಅಲ್ಲೇ ಬೈಯಿರಿ ಎಂದಳು. ಬೈಯಲು ಸಿಗುತ್ತದೆ ಎಂಬ ಆಸೆಗೆ ಅಕ್ಕು ಹೊರಟಳು. ಸುಂದರಿ ಚಂದಯ್ಯನಿಗೆ ಫೋನು ಮಾಡಿ, ಕಿವಿ ತೋರಿಸಬೇಕು, ಅರ್ಧ ದಿನ ಬರುವುದಿಲ್ಲ ಎಂದಳು. ಅವನು ಅಷ್ಟಕ್ಕೇ ಫೋನು ಇಟ್ಟ.

ಡಾಕ್ಟರು ವಿನಯಾ ಮೊದಲು ನಾಲ್ಕು ಪ್ರಶ್ನೆ ಕೇಳಿದರು. ನೋವಿದೆಯೇ, ಕೀವು ರಕ್ತ ಬಂದಿದೆಯೇ, ತಲೆ ತಿರುಗುತ್ತದೆಯೇ, ಹಿಂದೆ ಕಿವಿ ತೂತಾಗಿತ್ತೇ ಅಥವಾ ಆಪರೇಶನ್ ಆಗಿತ್ತೇ. ಎಲ್ಲಕ್ಕೂ ಇಲ್ಲ ಎಂದಾಗ, ಸಣ್ಣ ಕ್ಯಾಮೆರಾ ಇದ್ದ ನಳಿಗೆಯನ್ನು ಸರಿಯಿದ್ದ ಎಡಗಿವಿಯ ಬಾಗಿಲಿಗೆ ಹಿಡಿದು, ಮೇಜಿನ ಪರದೆಯ ಕಡೆಗೆ ನೋಡಿ ಎಂದರು.

ಸುಂದರಿ ನೋಡಿದಳು. ಅಕ್ಕುವೂ ಕನ್ನಡಕ ಏರಿಸಿ ನೋಡಿದಳು.

ಮೊದಲು ಒಂದು ಗುಹೆ. ಬಾಗಿಲಲ್ಲಿ ಕಾವಲು ನಿಂತ ಹಾಗೆ ಸಣ್ಣ ಸಣ್ಣ ರೋಮ, ಅದರ ಬುಡದಲ್ಲಿ ಜೇನುಬಣ್ಣದ ಸ್ವಲ್ಪ ಗುಗ್ಗೆ. ಅದನ್ನು ದಾಟಿದರೆ ದೂಳಿಲ್ಲದ, ಗುಡಿಸಿಟ್ಟ ಹಾಗಿನ ಓಣಿ. ಓಣಿಯ ಕೊನೆಗೆ, ಕಪ್ಪೆಚಿಪ್ಪಿನ ಒಳಮೈಯ ಹಾಗೆ ಹೊಳೆಯುವ ಒಂದು ಪರದೆ. ಅದರ ಮೇಲೆ ಬೆಳಕಿನದೊಂದು ಪುಟ್ಟ ತ್ರಿಕೋನ. ಹಿಂದೆ ನೆರಳಿನ ಹಾಗೆ ಒಂದು ಎಲುಬು. ಅಂಥ ಮೂರು ಎಲುಬು ಒಂದಕ್ಕೊಂದು ಕೊಂಡಿ ಹಾಕಿಕೊಂಡಿವೆ, ಒಂದಂತೂ ಅಕ್ಕಿಕಾಳಿಗಿಂತ ಸಣ್ಣದು ಎಂದರು ಡಾಕ್ಟರು. ಹಂಚಿನ ದನಿ ಈ ಪರದೆಯನ್ನು ನಡುಗಿಸಿ, ಆ ಎಲುಬುಗಳನ್ನು ಅಲುಗಿಸಿ, ಒಳಗೆ ಹೋಗಿ ಹಂಚಿನ ದನಿಯಾಗುತ್ತದೆ.

ಮೂವತ್ತು ವರ್ಷ ಕಿವಿಯನ್ನೇ ನಂಬಿ ಬದುಕಿದ ಅಕ್ಕು ತನ್ನ ಜೀವಮಾನದಲ್ಲಿ ಕಿವಿಯನ್ನು ಕಂಡದ್ದು ಅದೇ ಮೊದಲು. ಬೈಯಲು ಬಂದವಳು ಮೇಜಿನ ಮೇಲೆ ಇನ್ನಷ್ಟು ಬಗ್ಗಿದಳು.

“ಇದನ್ನ್ ದಿನಾ ಗುಡ್ಸುದ್ ಯಾರ್?” ಎಂದು ಮೆಲ್ಲಗೆ ಕೇಳಿದಳು.

“ಯಾರೂ ಇಲ್ಲ ಅಮ್ಮ. ಕಿವಿ ತಾನೇ ಗುಡಿಸಿಕೊಳ್ಳುತ್ತದೆ,” ಎಂದರು ಡಾಕ್ಟರು.

ಆಮೇಲೆ ಅವರು ಹೇಳಿದ್ದನ್ನು ಅಕ್ಕು ಇವತ್ತಿಗೂ ಬೇಲಿಯ ಬಳಿ ನಿಂತು ಸಿಕ್ಕವರಿಗೆಲ್ಲ ಹೇಳುತ್ತಾಳೆ. ಕಿವಿಯೊಳಗಿನ ಚರ್ಮ ಇದ್ದಲ್ಲಿ ಇರುವುದಿಲ್ಲ. ಉಗುರು ಬೆಳೆಯುವಷ್ಟು ನಿಧಾನಕ್ಕೆ, ಪರದೆಯ ನಡುವಿನಿಂದ ಹೊರಬಾಗಿಲಿನ ಕಡೆಗೆ ನಡೆಯುತ್ತಲೇ ಇರುತ್ತದೆ. ನಾವು ಮಲಗಿದಾಗಲೂ ನಡೆಯುತ್ತದೆ. ಗುಗ್ಗೆ ಹುಟ್ಟುವುದು ಒಳಗಲ್ಲ, ಬಾಗಿಲ ಹತ್ತಿರ. ಅದು ಕೊಳಕಲ್ಲ, ಮದ್ದು. ದೂಳನ್ನು ಹಿಡಿಯುತ್ತದೆ, ನೀರನ್ನು ತಡೆಯುತ್ತದೆ, ರೋಗದ ಕ್ರಿಮಿಯನ್ನು ಬೆಳೆಯಗೊಡುವುದಿಲ್ಲ. ನಾವು ಗಂಜಿ ಉಣ್ಣುವಾಗ, ಮಾತಾಡುವಾಗ ದವಡೆ ಆಡಿದಂತೆಲ್ಲ ಹಳೆಯ ಗುಗ್ಗೆ ದೂಳಿನ ಸಮೇತ ಹೊರಗೆ ಸರಿದು ಉದುರಿಹೋಗುತ್ತದೆ.

ಈಗ ಬಲಗಿವಿ. ಮೇಜಿನ ಪರದೆಯ ಮೇಲೆ ಓಣಿಯೇ ಕಾಣಲಿಲ್ಲ. ಕಪ್ಪುಗೆಂಪು ಗೋಡೆ. ಗೋಡೆಯಲ್ಲಿ ಸಿಕ್ಕಿಕೊಂಡ ಬಿಳಿ ಎಳೆಗಳು.

“ಅದು ಬಡ್ಸಿನ ಹತ್ತಿ,” ಎಂದರು ವಿನಯಾ. “ಹಗಲೆಲ್ಲ ಕಿವಿ ಹೊರಗೆ ತಂದು ಹಾಕಿದ್ದನ್ನು ಸಂಜೆ ನೀವು ವಾಪಸು ಒಳಗೆ ದೂಡಿದ್ದೀರಿ. ತುದಿಗೆ ಹತ್ತಿ ಬಂದದ್ದು ಸ್ವಲ್ಪ. ಒಳಗೆ ಹೋದದ್ದು ಇಷ್ಟು.”

ಗುಗ್ಗೆಯ ಗೋಡೆಯಲ್ಲಿ ಸಣ್ಣ ಸಂದಿ ಇದ್ದಷ್ಟು ದಿನ ಕಿವಿ ಕೇಳುತ್ತಿತ್ತು. ಕಡಲ ನೀರು ಹೊಕ್ಕು ಗುಗ್ಗೆ ಉಬ್ಬಿತು, ಸಂದಿ ಮುಚ್ಚಿತು. ಇವತ್ತೇ ತೆಗೆದುಬಿಡಿ, ಶನಿವಾರ ಪರೀಕ್ಷೆ ಇದೆ ಎಂದು ಸುಂದರಿ ಬೇಡಿಕೊಂಡಳು. ಡಾಕ್ಟರು ಒಪ್ಪಲಿಲ್ಲ. ಇಷ್ಟು ಗಟ್ಟಿಯಾದದ್ದನ್ನು ಎಳೆದರೆ ಚರ್ಮ ಕಿತ್ತು ಬರುತ್ತದೆ. ಐದು ದಿನ ಈ ಹನಿಮದ್ದು ಹಾಕಿ, ಒಂದೊಂದು ಸಲವೂ ಐದು ನಿಮಿಷ ಮಗ್ಗುಲಲ್ಲಿ ಮಲಗಿ, ಮಂಗಳವಾರ ಬನ್ನಿ. ಹನಿ ಹಾಕಿದಾಗ ಕಿವಿ ಇನ್ನೂ ಕಟ್ಟಿದ ಹಾಗಾಗಬಹುದು, ಹೆದರಬೇಡಿ. ಅಷ್ಟು ಹೇಳಿ ಒಂದು ಚೀಟಿ ಬರೆದುಕೊಟ್ಟರು.

ಶನಿವಾರ ಚಂದಯ್ಯ ಹತ್ತು ಹಂಚು ಸಾಲಾಗಿ ಇಟ್ಟಿದ್ದ. ಸುಂದರಿ ಕೋಲು ಮುಟ್ಟಲಿಲ್ಲ. ಚೀಟಿ ಮುಂದೆ ಹಿಡಿದಳು.

“ನಾ ಕೆಪ್ಪಿ ಅಲ್ಲ, ಮೇಸ್ತ್ರಿಗಳೆ. ಕಿವಿ ಕಟ್ಟಿದ್ದ್, ಮಂಗಳವಾರದ್ ತನ್ಕ ಮದ್ದ್. ಬುಧವಾರ ಎಷ್ಟ್ ಹಂಚ್ ಬೇಕಾರೂ ಇಡಿ.”

“ಚೀಟಿ ಕಂಡ್ ಹಂಚ್ ಬೇಯುತ್ತಾ?”

ಅವನ ಜೊತೆಯವರು ನಕ್ಕರು. ಆಗ ಪಕ್ಕದಲ್ಲಿ ಕೂತಿದ್ದ ಸರೋಜ ತನ್ನ ಕೋಲನ್ನು ಕೆಳಗಿಟ್ಟಳು. ದಿನಾ ಕಿವಿ ತೆಗೆಯುವವರು ನಾವೆಲ್ಲರೂ, ಇವಳೊಬ್ಬಳಲ್ಲ; ಪರೀಕ್ಷೆ ಇದ್ದರೆ ಎಂಟೂ ಜನಕ್ಕೆ, ಅದೂ ಬುಧವಾರ ಎಂದಳು. ಉಳಿದವರೂ ಒಬ್ಬೊಬ್ಬರಾಗಿ ಕೋಲು ಇಟ್ಟರು. ಬೆಂಚು ಸುಮ್ಮನಾಯಿತು. ಭಟ್ಟಿಯಿಂದ ಬಂದ ಹಂಚು ಬಂದಲ್ಲೇ ರಾಶಿ ಬೀಳತೊಡಗಿತು. ರಾಶಿ ಮೊಣಕಾಲೆತ್ತರ ಆದಾಗ ಚಂದಯ್ಯ, ಆಯ್ತು, ಬುಧವಾರ ಎಂದ.

ಮಂಗಳವಾರ ಡಾಕ್ಟರು ಮೈಬಿಸಿಯಷ್ಟು ಬೆಚ್ಚಗಿನ ನೀರನ್ನು ಮೊದಲು ಅವಳ ಕೈಗೆ ಬಿಟ್ಟು ನೋಡಿ, ಆಮೇಲೆ ಪಿಚಕಾರಿಯಿಂದ ಮೆಲ್ಲಗೆ ಕಿವಿಗೆ ಬಿಟ್ಟರು. ಒಮ್ಮೆ, ಎರಡು ಸಲ. ಮೂರನೆಯ ಸಲ ಹುಣಸೆಬೀಜದಷ್ಟು ದೊಡ್ಡ ಕಪ್ಪು ಉಂಡೆ ಬಟ್ಟಲಿಗೆ ಬಿತ್ತು.

ಸುಂದರಿ ಕುರ್ಚಿಯ ಕೈ ಹಿಡಿದುಕೊಂಡಳು. ಫ್ಯಾನು ಕಿರುಗುಟ್ಟುತ್ತಿತ್ತು. ಹೊರಗೆ ಯಾರೋ ಚಪ್ಪಲಿ ಎಳೆದುಕೊಂಡು ಹೋದರು. ಮಳೆ ಒಂದೇ ಸದ್ದಲ್ಲ. ಶೀಟಿನ ಮೇಲೆ ಬೇರೆ, ಬಾಳೆಯೆಲೆಯ ಮೇಲೆ ಬೇರೆ, ಚರಂಡಿಯಲ್ಲಿ ಬೇರೆ. ತನ್ನ ಸೆರಗು ತನ್ನ ಹೆಗಲ ಮೇಲೆ ಸರಿದದ್ದೂ ಕೇಳಿತು. ಇಷ್ಟನ್ನೂ ಯಾವತ್ತೂ ಪುಕ್ಕಟೆ ಕೊಡುತ್ತಿದ್ದ ಕಿವಿಗೆ ತಾನು ಕೊಟ್ಟದ್ದು ಬರೀ ಚುಚ್ಚು ಎಂದು ಅವಳಿಗೆ ಅಳು ಬಂತು.

“ನಂದೂ ಒಂಚೂರ್ ಕಾಣಿ ಅಮ್ಮ,” ಎಂದು ಅಕ್ಕು ಕುರ್ಚಿ ಏರಿದಳು. ಅವಳ ಕಿವಿಯಲ್ಲಿ ಗುಗ್ಗೆ ಹೆಚ್ಚಿರಲಿಲ್ಲ. ಆದರೂ ಅವಳಿಗೆ ಕೇಳುವುದು ಕಡಿಮೆ. ಅದು ಯಂತ್ರದ ಗದ್ದಲಕ್ಕೆ ಒಳಗಿವಿ ಸವೆದದ್ದಿರಬಹುದು, ಕಿವಿಯ ಪರೀಕ್ಷೆ ಮಾಡಿಸಿ ಎಂದರು ಡಾಕ್ಟರು. ಮೂವತ್ತು ವರ್ಷ ಆ ಗದ್ದಲದಲ್ಲಿ ಕೂರಿಸಿದವರು ಅವಳಿಗೆ ಕಿವಿ ಮುಚ್ಚಿಕೊಳ್ಳಲು ಒಂದು ಬಿರಡೆಯನ್ನೂ ಕೊಟ್ಟಿರಲಿಲ್ಲ. ಅದನ್ನೂ ಕೇಳುವ ದಿನ ಬರಬೇಕು.

ಬುಧವಾರ ಹತ್ತು ಹಂಚು, ಮೊದಲ ಸರದಿ ಸುಂದರಿಯದು. ಸುಂದರಿ ಒಂದೊಂದೇ ಎತ್ತಿ ತಟ್ಟಿದಳು. ಮೂರು ಕೆಟ್ಟದ್ದನ್ನು ಬದಿಗಿಟ್ಟಳು. ಕೆಟ್ಟದ್ದು ಇಟ್ಟದ್ದು ಎರಡೇ, ಈ ಮೂರನೆಯದು ಒಳ್ಳೆಯ ಹಂಚು, ನಾನೇ ಆರಿಸಿದ್ದು ಎಂದ ಚಂದಯ್ಯ. ಅವಳು ವಾದಿಸಲಿಲ್ಲ. ಒಂದು ಚೊಂಬು ನೀರು ತಂದು ಆ ಹಂಚಿನ ಮೇಲೆ ಹೊಯ್ದಳು. ನೀರು ಹೀರಿದ ಹಂಚಿನ ನಡುವೆ, ಕಪ್ಪು ದಾರ ಎಳೆದ ಹಾಗೆ, ಒಂದು ಗೆರೆ ಮೂಡಿತು.

ಚಂದಯ್ಯ ಗೆರೆಯ ಮೇಲೆ ಉಗುರು ಎಳೆದು ನೋಡಿದ. “ಕೂತ್ಕೊ ಸುಂದರಿ,” ಅಂದ.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ತಲೆಯ ಎರಡೂ ಬದಿಗೆ ಅಂಥದ್ದೊಂದು ಓಣಿ ಇದೆ. ಅದಕ್ಕೆ ಬಡ್ಸ್, ಪಿನ್ನು, ಬೆಂಕಿಕಡ್ಡಿ, ಬಿಸಿ ಎಣ್ಣೆ, ಉರಿಯುವ ಬತ್ತಿ ಯಾವುದೂ ಬೇಡ. ಸಂತೆಯಲ್ಲಿ ಕಿವಿ ತೆಗೆಯಲು ಕೂತವನ ಕೈಗೂ ಕೊಡಬೇಡಿ. ಮಿಂದ ಮೇಲೆ ಹೊರಕಿವಿಯನ್ನು ಬಟ್ಟೆಯಿಂದ ಒರೆಸಿ, ಅಷ್ಟೇ ಸಾಕು. ಕಿವಿ ಕಟ್ಟಿದರೆ, ಮಕ್ಕಳದ್ದಾದರಂತೂ, ಮನೆಮದ್ದಿಗೆ ಮೊದಲು ಆಶಾ ಅಕ್ಕನನ್ನೋ ಡಾಕ್ಟರನ್ನೋ ಕೇಳಿ. ನೋವು, ಕೀವು, ರಕ್ತ, ತಲೆಸುತ್ತು ಇದ್ದರೆ, ಅಥವಾ ಇದ್ದಕ್ಕಿದ್ದಂತೆ ಕೇಳುವುದು ನಿಂತರೆ, ಒಂದು ದಿನವೂ ಕಾಯಬೇಡಿ. ಸಕ್ಕರೆ ಕಾಯಿಲೆ ಇದ್ದವರು, ಕಿವಿ ತೂತಾದವರು ತಾವಾಗಿ ಏನನ್ನೂ ಹಾಕಿಕೊಳ್ಳಬೇಡಿ.

ನಿಮ್ಮ ಜೊತೆ ದುಡಿಯುವವರು ಯಾರಾದರೂ ಕರೆದಾಗ ತಿರುಗದಿದ್ದರೆ ನಗಬೇಡಿ, ಅಡ್ಡಹೆಸರಿಡಬೇಡಿ. ಅವರ ಎದುರಿಗೆ ಹೋಗಿ ನಿಂತು ಕೇಳಿ, ಕಿವಿಗೆ ಏನಾಗಿದೆ ಎಂದು. ಆಸ್ಪತ್ರೆಗೆ ಒಬ್ಬರೇ ಹೋಗಲು ಅಂಜಿದರೆ, ಜೊತೆಗೆ ನೀವೂ ಬಸ್ಸು ಹತ್ತಿ.