ಎಲ್ಲರಿಗೂ ಗೊತ್ತಿರುವ ಮುಖ

ಅಂಗಿಗಳ ಪೆಟ್ಟಿಗೆ ಬಂದಾಗ ವೆನೆಟ್ಟಾ ಚರ್ಚಿನ ಅಡುಗೆಮನೆಯಲ್ಲಿ ಮೀನಿಗೆ ಜೋಳದ ಹಿಟ್ಟು ಹಚ್ಚುತ್ತಿದ್ದಳು. ಗಂಡ ಲಮಾಂಟ್ ಸತ್ತು ನಾಳೆ ಶನಿವಾರಕ್ಕೆ ವರ್ಷ. ವರ್ಷದ ದಿನ ಸತ್ತವನ ಮುಖ ಅಚ್ಚುಹಾಕಿಸಿದ ಅಂಗಿ ತೊಟ್ಟು ಮನೆಮಂದಿಯೆಲ್ಲ ಬೀದಿಯಲ್ಲಿ ನಡೆಯುವುದು ಆ ಕೇರಿಯ ಕರಿಯರ ರೂಢಿ.

ನಾದಿನಿ ರೋಶೆಲ್ ಪೆಟ್ಟಿಗೆಯ ಟೇಪು ಕಿತ್ತಳು. "ನಾಳೆ ಬೆಳಿಗ್ಗೆ ವಿಡಿಯೋನೂ ನೆಟ್‌ನಲ್ಲಿ ನಿನ್ನ ಪುಟದಲ್ಲಿ ಹಾಕ್ಬಿಡು. ತಂಗಿ ಹಾಕಿದ್ರೆ ನೂರು ಜನ ನೋಡ್ತಾರೆ. ಹೆಂಡ್ತಿ ಹಾಕಿದ್ರೆ ಲೋಕ ನೋಡತ್ತೆ."

ಯಾರೋ ದಾರಿಹೋಕರು ತೆಗೆದ, ಲಮಾಂಟನ ಕೊನೆಯ ನಲವತ್ತಾರು ಸೆಕೆಂಡಿನ ವಿಡಿಯೋ. ಅಂಗಡಿಯ ಮುಂದೆ ತನ್ನದೇ ಟ್ರಕ್ಕಿನ ಬಾಗಿಲು ತೆಗೆಯುತ್ತಿದ್ದವನನ್ನು ಇಬ್ಬರು ಬಿಳಿಯರು ಕಳ್ಳನೆಂದು ಕೆಡವಿ, ಉಸಿರು ನಿಲ್ಲುವತನಕ ಮೇಲೆ ಕೂತಿದ್ದರು. ಅದನ್ನು ಹಂಚಲೇ ಎಂದು ರೋಶೆಲ್ ಆಗ ಕೇಳಿದ್ದಕ್ಕೆ ವೆನೆಟ್ಟಾ ಹೂಂ ಅಂದಿದ್ದಳು. ಹಂಚಿದ್ದಕ್ಕೇ ಆ ಇಬ್ಬರ ಬಂಧನವಾಯಿತು. ಇಲ್ಲದಿದ್ದರೆ ಲಮಾಂಟ್ ಪೊಲೀಸರ ಕಾಗದಪತ್ರದಲ್ಲಿ ಕಳ್ಳನಾಗಿಯೇ ಉಳಿಯುತ್ತಿದ್ದ.

ಬಸ್ಸಿನಲ್ಲಿ ಪಕ್ಕ ಕೂತವರು, ಹಲ್ಲಿನ ಡಾಕ್ಟರು, ಮಗಳು ಟಿಯಾಳ ಟೀಚರು, ಎಲ್ಲರೂ ಅವನು ಸಾಯುವುದನ್ನು ನೋಡಿದ್ದರು. ವೆನೆಟ್ಟಾ ಮಾತ್ರ ನೋಡಿರಲಿಲ್ಲ.

"ವಿಚಾರಣೆ ಮೂರು ಸಲ ಮುಂದಕ್ಕೆ ಹೋಯ್ತು," ಅಂದಳು ರೋಶೆಲ್. "ಜನ ಮರೀತಿದ್ದಾರೆ ಕಣೇ."

ಲಮಾಂಟನ ತಾಯಿ, ಕೇರಿಗೆಲ್ಲ ಮಿಸ್ ಇಯೋಲಾ, ಈರುಳ್ಳಿ ಹೆಚ್ಚುತ್ತಲೇ ಕೇಳಿದಳು: "ಅಚ್ಚಿನ ಕ್ಲೀವನ್ ಈ ಸಲನೂ ಪಾರಿವಾಳ ಹಾಕಿದಾನಾ? ಇವರಪ್ಪನ ವರ್ಷದ ಅಂಗಿಗೂ ಹಾಕಿದ್ದ. ಆ ಮನುಷ್ಯ ಹಕ್ಕೀನ ನೋಡಿದ್ದು ಬಾಣಲೇಲಿ ಮಾತ್ರ."

ರೋಶೆಲ್ ನಗುತ್ತ ಒಂದು ಅಂಗಿ ಬಿಚ್ಚಿದಳು. ಪಾರಿವಾಳಗಳಿದ್ದವು. ನಡುವೆ ನೆಲಕ್ಕೊತ್ತಿದ ಕೆನ್ನೆ, ಅರೆತೆರೆದ ಬಾಯಿ.

ಮಿಸ್ ಇಯೋಲಾ ಚಾಕು ಕೆಳಗಿಟ್ಟಳು.

"ನಾನು ಕೊಟ್ಟಿದ್ದು ಮದುವೆ ಫೋಟೋ," ಅನ್ನುತ್ತ ರೋಶೆಲ್ ಅಚ್ಚಿನವನಿಗೆ ಫೋನು ಮಾಡಿದಳು. ತುಸು ಹೊತ್ತು ಕೇಳಿ ಇಟ್ಟಳು. "ಫೋಟೋ ಮಸುಕಾಗಿತ್ತಂತೆ. ಹೆಸರು ಹಾಕಿ ನೆಟ್‌ನಲ್ಲಿ ಹುಡುಕಿದ್ರೆ ವಿಡಿಯೋದ ಈ ಚಿತ್ರಾನೇ ಮೊದಲು ಬಂತಂತೆ. ಎಲ್ಲರಿಗೂ ಗೊತ್ತಿರೋ ಮುಖ ಅಲ್ವಾ ಅಂದ."

ಕ್ಲೀವನ್ ಒಂದನೇ ಕ್ಲಾಸಿನಿಂದ ಲಮಾಂಟನ ಗೆಳೆಯ. ಅವನಿಗೂ ಈಗ ಲಮಾಂಟ್ ಅಂದರೆ ಇಷ್ಟೇ.

ಪೆಟ್ಟಿಗೆಯ ತಳದಲ್ಲಿ ಚಿಕ್ಕ ಅಂಗಿಯೊಂದಿತ್ತು, ಟಿಯಾಗೆಂದು ಮಾಡಿಸಿದ್ದು, ಏಳು ವರ್ಷದವರ ಅಳತೆಯದು. ವೆನೆಟ್ಟಾ ಕೈ ತೊಳೆದು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

"ವಿಡಿಯೋ ಹಾಕಲ್ಲ ರೋಶೆಲ್. ನೀನೂ ಹಾಕ್ಬೇಡ."

"ಹಂಗಾದ್ರೆ ಅವರು ಗೆಲ್ತಾರೆ."

"ಗೆಲ್ಲಬಹುದು. ಅದನ್ನ ನೋಡಲೇಬೇಕಾದವರು ಕೋರ್ಟಲ್ಲಿ ತೀರ್ಪು ಹೇಳೋ ಜ್ಯೂರಿಯ ಹನ್ನೆರಡು ಜನ. ಅವರಿಗೆ ತೋರಿಸೋವಾಗ ನಾನೂ ಕೂತು ನೋಡ್ತೀನಿ. ಮೊದಲನೇ ಸಲ."

ರೋಶೆಲ್ ಅವಳನ್ನೇ ನೋಡಿದಳು. "ನೀನು ನೋಡೇ ಇಲ್ವಾ?"

"ಇಲ್ಲ."

"ನಾನು ದಿನಾ ನೋಡ್ತೀನಿ," ಅಂದಳು ರೋಶೆಲ್. "ಅವನು ನಗ್ತಿದ್ದದ್ದು ಹೇಗೆ ಅಂತ ನೆನಪಿಗೇ ಬರ್ತಿಲ್ಲ."

ಬೇರೆ ಅಂಗಿ ಮಾಡಿಸಲು ಹೊತ್ತಿರಲಿಲ್ಲ. ಮರುದಿನ ಎಲ್ಲರೂ ಅವನ್ನೇ ಒಳಮಗ್ಗುಲು ಹೊರಗೆ ಮಾಡಿ ತೊಟ್ಟು ನಡೆದರು. ಟಿಯಾ ಭಾನುವಾರ ಚರ್ಚಿಗೆ ಹಾಕುವ ಫ್ರಾಕು ತೊಟ್ಟಿದ್ದಳು. ಲಮಾಂಟ್ ಮೀನು ಕರಿಯುತ್ತ, ಎಣ್ಣೆ ಸಿಡಿದು ಹಿಂದಕ್ಕೆ ಹಾರಿ ನಗುತ್ತಿದ್ದ ಫೋಟೋವೊಂದನ್ನು ವೆನೆಟ್ಟಾ ತನ್ನ ಪುಟದಲ್ಲಿ ಹಾಕಿದ್ದಳು. ಮಧ್ಯಾಹ್ನಕ್ಕೆ ಮೂವತ್ತೊಂದು ಜನ ನೋಡಿದ್ದರು. ಹೆಚ್ಚಿನವರು ಜೊತೆಯಲ್ಲೇ ನಡೆಯುತ್ತಿದ್ದವರು.

"ಅಚ್ಚು ಎದೆಗೆ ಚುಚ್ಚತ್ತೆ ಕಣೇ," ಅಂದಳು ರೋಶೆಲ್.

"ನಂಗೂ," ಅಂದಳು ವೆನೆಟ್ಟಾ.