ಮೂರು ಮುಚ್ಚಳದ ಸದ್ದು

ಈಸ್ಟರ್‌ಗೆ ಇನ್ನು ಒಂಬತ್ತು ದಿನ ಇರುವಾಗ ನೋಲಾ ಹೊಲಿಗೆ ಪೆಟ್ಟಿಗೆಯ ತಳ ಕೆದಕಿ ಕೆಂಪು ಮುಚ್ಚಳವನ್ನು ಹೊರತೆಗೆದಳು. ಹಳೆಯ ಗುಂಡಿಗಳ ಅಡಿಯಲ್ಲಿ ಅದು ಮೂವತ್ತೊಂದು ವರ್ಷ ಬಿದ್ದಿತ್ತು. ಬಿಯರ್ ಬಾಟಲಿಯ ಸಾಧಾರಣ ಮುಚ್ಚಳ, ಅದರ ಮೇಲೆ ಗಂಡ ಡೆಸ್ ಹಚ್ಚಿದ್ದ ಬಣ್ಣ. ಸ್ವಲ್ಪವೂ ತುಕ್ಕು ಹಿಡಿಯದೆ ಹಾಗೇ ಇದ್ದದ್ದು ಕಂಡು ಅವಳಿಗೆ ಇನ್ನಷ್ಟು ಸಂಕಟವಾಯಿತು.

ಮದುವೆಯಾದಂದಿನಿಂದ ಆ ಮನೆಯಲ್ಲಿ ಒಂದು ರೂಢಿ. ಈಸ್ಟರ್ ರಜೆಗೆ ಗುಡಾರ ಎಲ್ಲಿ ಹಾಕಬೇಕೆಂದು ಬಿಸ್ಕತ್ತಿನ ಡಬ್ಬಿ ಹೇಳಬೇಕು. ಬಿಳಿ ಮುಚ್ಚಳ ಬಂದರೆ ಬೊಗಾಂಗ್ ಬೆಟ್ಟದ ನೆತ್ತಿ, ನೀಲಿ ಬಂದರೆ ಪ್ರಾಮ್‌ನ ಕಡಲ ದಂಡೆ, ಹಸಿರು ಬಂದರೆ ಆಟ್ವೇ ಮಳೆಕಾಡು, ಕೆಂಪು ಬಂದರೆ ಐರ್ ಸರೋವರದ ಕಡೆಯ ಮರುಭೂಮಿ. ಡಬ್ಬಿ ಕುಲುಕಿ, ಕಣ್ಣು ಮುಚ್ಚಿ ಒಂದನ್ನು ತೆಗೆಯುವುದು ಡೆಸ್‌ನ ಹಕ್ಕು. ಎರಡನೇ ಸಲ ಕೈ ಹಾಕುವಂತಿಲ್ಲ. ಮಳೆ ಹೊಡೆಯಲಿ, ನೆಗಡಿ ಬರಲಿ, ಬಂದ ಬಣ್ಣದ ಕಡೆಗೆ ಹೊರಡಲೇಬೇಕು.

ಕೆಂಪು ಬಂದದ್ದು ಒಂದೇ ಸಲ. ಸರೋವರಕ್ಕೆ ಇನ್ನೂ ಒಂದು ದಿನದ ದಾರಿ ಇರುವಾಗಲೇ ನೋಲಾ ಹಟ ಹಿಡಿದು ಗಾಡಿ ತಿರುಗಿಸಿದ್ದಳು. ಮನೆಗೆ ಬಂದ ವಾರವೇ ಮುಚ್ಚಳ ಗುಂಡಿಗಳ ಕೆಳಗೆ ಸೇರಿತು. ಅಲ್ಲಿಂದಾಚೆ ಪ್ರತಿ ವರ್ಷ ಡೆಸ್ ಕೈಗೆ ಬಂದ ಬಣ್ಣ ನೋಡಿ, "ಕೆಂಪಿಗೆ ನನ್ನ ಕಂಡ್ರೆ ಆಗಲ್ಲ ಕಣೇ" ಎಂದು ನಗುತ್ತಿದ್ದ. ನೋಲಾ ಕೂಡ ನಗುತ್ತಿದ್ದಳು. ಅಷ್ಟು ಸಲೀಸಾಗಿ ನಗಲು ಹೇಗೆ ಸಾಧ್ಯವಾಯಿತೋ, ಅವಳಿಗೇ ಗೊತ್ತಿಲ್ಲ.

ಈಗ ಡೆಸ್‌ನ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಈಸ್ಟರ್ ಕಳೆದೊಡನೆ ವಾರಕ್ಕೆ ಮೂರು ದಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಆಮೇಲೆ ಎರಡು ದಿನಕ್ಕಿಂತ ಹೆಚ್ಚು ಊರು ಬಿಟ್ಟಿರುವಂತಿಲ್ಲ. ದೂರದ ಪ್ರಯಾಣ ಎಂದರೆ ಇದೇ ಕೊನೆಯದು. ವರ್ಷಗಟ್ಟಲೆ ಬರೀ ಉಪ್ಪಾಗಿ ಬಿದ್ದಿರುವ ಐರ್ ಸರೋವರಕ್ಕೆ ಈ ಸಲವೇ ನೀರು ಬರಬೇಕೇ? ಟಿವಿಯಲ್ಲಿ ಅಲ್ಲಿನ ಪೆಲಿಕನ್ ಹಕ್ಕಿಗಳನ್ನು ತೋರಿಸಿದಾಗ ಡೆಸ್ ಊಟದ ತಟ್ಟೆ ಪಕ್ಕಕ್ಕಿಟ್ಟು ನೋಡುತ್ತ ಕುಳಿತುಬಿಟ್ಟ. ಅದೃಷ್ಟವನ್ನು ನಂಬಿ ಕೂರಲು ನೋಲಾಗೆ ಧೈರ್ಯ ಸಾಲಲಿಲ್ಲ. ಅವನು ಮಲಗಿದ್ದ ಒಂದು ಮಧ್ಯಾಹ್ನ ಉಳಿದ ಮೂರು ಮುಚ್ಚಳಗಳಿಗೂ ಕೆಂಪು ಬಳಿದು, ನಾಲ್ಕನ್ನೂ ಡಬ್ಬಿಗೆ ಹಾಕಿದಳು.

ಮರುದಿನ ತಿಂಡಿಯಾದ ಮೇಲೆ ಡೆಸ್ ಡಬ್ಬಿ ಕುಲುಕಿದ. ನಿಲ್ಲಿಸಿದ. ಕಿವಿಯ ಹತ್ತಿರ ಹಿಡಿದು ಮತ್ತೆ ಕುಲುಕಿದ. ತೆಗೆದ ಮುಚ್ಚಳ ಕೆಂಪಾಗಿತ್ತು. ಆದರೂ ಅವನು ಹಿಗ್ಗಲಿಲ್ಲ.

"ಇನ್ನೊಂದ್ಸಲ ತೆಗೀತೀನಿ," ಎಂದ.

"ಹಂಗೆಲ್ಲ ಇಲ್ಲ. ಬಂದಿದ್ದು ಬಂತು."

ಅವನು ಕೇಳಲಿಲ್ಲ. ಎರಡನೆಯದೂ ಕೆಂಪೇ. ಡಬ್ಬಿಯನ್ನೇ ಮೇಜಿನ ಮೇಲೆ ಬೋರಲು ಹಾಕಿದ, ಉಳಿದ ಎರಡನ್ನೂ ನೋಡಿ ಕೆಮ್ಮು ಬರುವಷ್ಟು ನಕ್ಕ.

"ಬಣ್ಣ ಇನ್ನೂ ಒಣಗಿಲ್ಲ ಕಣೇ, ಕಳ್ಳಿ," ಎಂದು ಕೆಂಪು ಹತ್ತಿದ ಹೆಬ್ಬೆರಳು ತೋರಿಸಿದ. "ನಾಲ್ಕಿದೆ ಅಂತ ಸದ್ದಲ್ಲೇ ಗೊತ್ತಾಯ್ತು. ಇಷ್ಟು ವರ್ಷ ಮೂರರ ಸದ್ದೇ ಕೇಳಿದ್ನಲ್ಲ."

"ಗೊತ್ತಿತ್ತಾ ನಿಂಗೆ?"

"ಮೊದಲ ವರ್ಷಾನೇ."

"ಮತ್ತೆ ಬಾಯೇ ಬಿಡ್ಲಿಲ್ಲ?"

"ಏನಂತ ಬಿಡ್ಲಿ? ರಾಯ್ ಸತ್ತ ಜಾಗ ಅದು. ನಾನು ಹಿಂದುಮುಂದು ನೋಡ್ದೆ ನಿನ್ನ ಅಲ್ಲಿಗೇ ಕರ್ಕೊಂಡು ಹೋದೆ."

ರಾಯ್ ಅವಳ ತಮ್ಮ. ಅವಳ ಮದುವೆಗೂ ಮುಂಚೆ ಆ ಕಡೆ ದನದ ಫಾರಂ ಒಂದರಲ್ಲಿ ಕೆಲಸಕ್ಕಿದ್ದ. ಕೆಟ್ಟು ನಿಂತ ಗಾಡಿ ಬಿಟ್ಟು ನಡೆಯಬಾರದೆಂದು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ರಾಯ್ ನಡೆದಿದ್ದ. ಅವನು ಸಿಕ್ಕಿದ್ದು ಐದು ದಿನಗಳ ನಂತರ.

"ನನಗೋಸ್ಕರ ನೀನು ಆ ಸಂಕಟ ಮತ್ತೆ ಪಡೋದು ಬೇಡ," ಎಂದ ಡೆಸ್. "ಬಿಳಿ ಬಂತು ಅಂದ್ಕೊಳೋಣ. ಬೆಟ್ಟಕ್ಕೇ ಹೋಗೋಣ."

ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವನ ಕಣ್ಣಲ್ಲಿ ಅವಳು ಸಾಯುವತನಕ ತಮ್ಮನಿಗಾಗಿ ಮರುಗಿದ ಅಕ್ಕನಾಗಿ ಉಳಿಯುತ್ತಿದ್ದಳು. ಅವನು ಮಾತ್ರ ಆ ನೀರನ್ನು ನೋಡದೆ ಹೋಗುತ್ತಿದ್ದ. ನೋಲಾ ಅವನ ಬಾತುಕೊಂಡ ಪಾದಗಳನ್ನು ನೋಡಿದಳು.

"ರಾಯ್‌ಗೋಸ್ಕರ ಅಲ್ಲ, ಡೆಸ್."

"ಮತ್ತೆ?"

"ನೊಣ. ಕಣ್ಣಲ್ಲಿ ನೊಣ, ಬಾಯಲ್ಲಿ ನೊಣ, ಟೀ ಲೋಟದಲ್ಲಿ ನೊಣ. ತಡ್ಕೊಳಕ್ಕಾಗ್ಲಿಲ್ಲ ನಂಗೆ. ಆ ಮೂರು ದಿನ ರಾಯ್ ನೆನಪು ಒಂದ್ಸಲಾನೂ ಬರ್ಲಿಲ್ಲ."

ಡೆಸ್ ಹೆಬ್ಬೆರಳ ಬಣ್ಣವನ್ನು ಮೇಜಿನ ಅಂಚಿಗೆ ಒರೆಸಿದ.

"ಬರೀ ನೊಣಕ್ಕಾ?" ಎಂದ.

ಅವಳು ಹೌದೆಂದು ತಲೆಯಾಡಿಸಿದಳು. ಬೈದಿದ್ದರೂ ಆಗುತ್ತಿತ್ತು. ಅವನು ನಾಲ್ಕೂ ಮುಚ್ಚಳಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಗಾಡಿಯ ಕೀಲಿ ತೆಗೆದುಕೊಂಡು ಹೊರಟುಹೋದ. ಮೂವತ್ತೊಂದು ವರ್ಷ ತನಗಾಗಿ ಅವನು ಕಾಪಾಡಿಕೊಂಡು ಬಂದದ್ದನ್ನು ಒಂದು ಮಾತಿನಲ್ಲಿ ಕಸ ಮಾಡಿಬಿಟ್ಟೆನೆಂದು ನೋಲಾ ಸಿಂಕಿನ ಮುಂದೆ ನಿಂತು ಅತ್ತಳು.

ಒಂದು ಗಂಟೆ ಕಳೆದು ಅವನು ವಾಪಸು ಬಂದ. ಪೆಟ್ರೋಲ್ ತುಂಬಿಸಿಕೊಂಡು ಬಂದಿದ್ದ. ಒಂದು ಸಣ್ಣ ಪೊಟ್ಟಣವನ್ನು ಅವಳ ಮುಂದಿಟ್ಟ. ಒಳಗೆ ಟೋಪಿಯ ಮೇಲಿಂದ ಕುತ್ತಿಗೆಯವರೆಗೆ ಇಳಿಬಿಡುವ ನೊಣದ ಬಲೆ ಇತ್ತು.

"ನಾಳೆ ಬೆಳಿಗ್ಗೆ ಹೊರಡೋಣ. ಗಾಡಿ ನೀನೇ ಓಡಿಸ್ಬೇಕು," ಎಂದ. ಗುಡಾರ ಇಳಿಸಲು ಶೆಡ್ಡಿನ ಕಡೆ ಹೊರಟವನು ಬಾಗಿಲಲ್ಲಿ ನಿಂತ. ಅವಳ ಕಡೆ ತಿರುಗಲಿಲ್ಲ.

"ಆ ವರ್ಷಾನೂ ಅದು ಬಂಕ್ ಅಂಗಡೀಲಿ ನೇತಾಡ್ತಿತ್ತು, ನೋಲಾ. ಕೇಳಿದ್ರೆ ತಂದುಕೊಡ್ತಿದ್ದೆ."