ಹೇರ್ಲಾದ ದುಂಡು ಕೊಟ್ಟಿಗೆ

ಕೌನ್ಸಿಲಿನ ಯೋಜನಾ ಸಮಿತಿಗೆ ಸೇರಿದಾಗ ಆಡ್ರಿ ಹೆಡ್ಲಿಗೆ ಗೊತ್ತಿದ್ದದ್ದು ರಸ್ತೆಗಳು ಮಾತ್ರ. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನಾರ್ಥಂಬರ್ಲೆಂಡಿನ ಆ ಗುಡ್ಡಗಳಲ್ಲಿ ಯಾವ ತಿರುವಿನಲ್ಲಿ ಕುರಿ ಅಡ್ಡ ಬರುತ್ತವೆ, ಯಾವ ಸೇತುವೆ ಮೇಲೆ ಮೊದಲು ಮಂಜು ಹೆಪ್ಪುಗಟ್ಟುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲಳು. ಯಾರು ಎಲ್ಲಿ ಮನೆ ಕಟ್ಟಬಹುದು, ಎಲ್ಲಿ ಕೂಡದು ಎಂದು ತೀರ್ಮಾನಿಸುವ ಕೆಲಸ ಮಾತ್ರ ಹೊಸದು. ಹಾಗಾಗಿ ಐದು ತಿಂಗಳಿಂದ ಅವಳು ಒಂದೇ ದಾರಿ ಹಿಡಿದಿದ್ದಳು: ಅಧಿಕಾರಿ ಗಿಲಿಯನ್ ಪ್ರೆಂಟಿಸ್ ಬರೆದ ವರದಿಯ ಕೊನೆಯ ಸಾಲು ಓದುವುದು, ಅದರಂತೆ ಕೈ ಎತ್ತುವುದು. ಓದಿದವರು ಬರೆದಿದ್ದಾರೆ, ನಾನ್ಯಾವ ದೊಡ್ಡ ಬುದ್ಧಿವಂತೆ ಎಂಬುದು ಅವಳ ಲೆಕ್ಕ.

ಹೇರ್ಲಾ ಕಣಿವೆಯ ಹಳೇ ಕೊಟ್ಟಿಗೆಯ ಅರ್ಜಿಯ ಕೊನೆಯ ಸಾಲು ‘ತಿರಸ್ಕರಿಸಬಹುದು’ ಎಂದಿತ್ತು. ಅರ್ಜಿದಾರರು ಯೂವನ್ ಡ್ಯಾಗ್ ಮತ್ತು ಅವನ ಹೆಂಡತಿ ಮೋರಗ್. ಅವನು ಗಾರೆಯಿಲ್ಲದೆ ಕಲ್ಲುಗೋಡೆ ಕಟ್ಟುವವನು, ಅವಳು ಬೇರೆಯವರ ಕುರಿ ನೋಡಿಕೊಳ್ಳುವವಳು. ನಾಲ್ಕು ಚಳಿಗಾಲ ಆ ಕೊಟ್ಟಿಗೆಯ ಪಕ್ಕದಲ್ಲೇ ತಗಡಿನ ಕ್ಯಾರವಾನಿನಲ್ಲಿ ಕಳೆದಿದ್ದರು. ಪಾಳುಬಿದ್ದ ಕಟ್ಟಡ ತನ್ನ ಕಾಲ ಮೇಲೆ ತಾನು ನಿಂತಿದ್ದರೆ ಅದನ್ನು ಮನೆ ಮಾಡಿಕೊಳ್ಳಬಹುದು. ಕೆಡವಿ ಕಟ್ಟಬೇಕಾದರೆ ಊರಾಚೆಯ ಬಯಲಿನಲ್ಲಿ ಹೊಸ ಮನೆಗೆ ಅನುಮತಿ ಇಲ್ಲ. ಇದು ನಿಯಮ. ಚಾವಣಿಯ ಭಾರ ಹೊತ್ತ ಹೆದ್ದೊಲೆ ಕೊಳೆತಿದೆ ಎಂದು ಕೌನ್ಸಿಲಿನ ಎಂಜಿನಿಯರ್ ಬರೆದುಕೊಟ್ಟಿದ್ದ. ಅಲ್ಲಿಗೆ ಮುಗಿಯಿತು.

ಆದರೂ ಒಮ್ಮೆ ಕಣ್ಣಾರೆ ನೋಡಿಬರುವುದು ಪದ್ಧತಿ. ಮಾರ್ಚಿನ ಒಂದು ಬೆಳಿಗ್ಗೆ ಒಂಬತ್ತು ಮಂದಿ ಸದಸ್ಯರು ಚಿಕ್ಕ ಬಸ್ಸಿನಲ್ಲಿ ಹೊರಟರು. ಆಡ್ರಿಯ ಪಕ್ಕದಲ್ಲಿ ಕೂತಿದ್ದವನು ಶವಪೆಟ್ಟಿಗೆ ಮಾಡುತ್ತಿದ್ದ ಹಳೇ ಬಡಗಿ ವಿಲ್ಫ್ ಟೇಟ್.

“ಬೇರೆಯವ್ರು ಬಸ್ ಓಡಿಸ್ತಿದ್ರೆ ಕೈ ಕಾಲು ಸುಮ್ನಿರಲ್ವಲ್ಲ ನಿಂಗೆ?” ಎಂದ ವಿಲ್ಫ್.

“ಗೇರ್ ಹಾಕೋದ್ ನೋಡು, ಗಂಜಿ ಕಲಸ್ದಂಗೆ. ಸುಮ್ನಿರು ಅಂದ್ರೆ ಹೆಂಗಿರ್ಲಿ?” ಎಂದಳು ಆಡ್ರಿ.

ಇಳಿದ ಮೇಲೆ ಗಿಲಿಯನ್ ನಿಯಮ ಹೇಳಿದಳು. “ಅರ್ಜಿ ಹಾಕ್ದೋರು ಇಲ್ಲಿ ಏನೂ ಹೇಳೋ ಹಾಗಿಲ್ಲ. ನೀವೂ ಅಷ್ಟೇ, ಕಟ್ಟಡದ ಬಗ್ಗೆ ಬಿಟ್ಟು ಬೇರೇನೂ ಕೇಳ್ಬೇಡಿ.”

ಯೂವನ್ ಮತ್ತು ಮೋರಗ್ ಕ್ಯಾರವಾನಿನ ಮೆಟ್ಟಿಲ ಬಳಿ ಕೈಕಟ್ಟಿಕೊಂಡು ನಿಂತಿದ್ದರು. ಮೋರಗ್ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಳು. ಯೂವನ್ ಮುಂದೆ ಬಂದು ಬಾಗಿಲಿನ ಅಗುಳಿ ತೆಗೆದು, ಮತ್ತೆ ಹಿಂದೆ ಸರಿದ.

ಒಳಗೆ ಕಾಲಿಟ್ಟ ಆಡ್ರಿ ಅಲ್ಲೇ ನಿಂತುಬಿಟ್ಟಳು.

ಕೋಣೆ ಪೂರಾ ದುಂಡಗಿತ್ತು. ಮೂಲೆ ಎಂಬುದೇ ಇರಲಿಲ್ಲ. ಆಳೆತ್ತರವನ್ನೂ ಮೀರಿದ ಏಳು ಕಲ್ಲುಕಂಬಗಳು, ಅವುಗಳ ನಡುನಡುವೆ ಗೋಡೆ, ಮೇಲೆ ಒಂದೇ ಬಿಂದುವಿನತ್ತ ಏರಿ ಹೋಗುವ ಚಾವಣಿ. ಹೆಂಚಿನ ಸಂದುಗಳಿಂದ ಬಿಸಿಲು ದಾರದಂತೆ ಇಳಿದಿತ್ತು. ಎಲ್ಲಕ್ಕೂ ಅಡ್ಡಲಾಗಿ, ಈ ಗೋಡೆಯಿಂದ ಆ ಗೋಡೆಗೆ, ಒಂದೇ ಓಕ್ ಮರದ ತೊಲೆ. ಅಂಥ ಮರವನ್ನು ಈ ಗುಡ್ಡಕ್ಕೆ ಯಾರು ತಂದರು, ಯಾವ ಕೈಗಳು ಮೇಲಕ್ಕೆತ್ತಿದವು? ಹರಟುತ್ತಾ ಬಂದವರೆಲ್ಲ ಕತ್ತೆತ್ತಿ ಮೇಲೆ ನೋಡಿದರು. ಒಬ್ಬರು ಟೋಪಿ ತೆಗೆದರು.

ಆಡ್ರಿ ನೆಲ ನೋಡಿದಳು. ಡ್ಯಾಗ್ ದಂಪತಿ ಸೆಗಣಿ ಮಣ್ಣೆಲ್ಲ ಬಾಚಿ ತೆಗೆದು ಚೊಕ್ಕಟ ಮಾಡಿದ್ದ ಕಲ್ಲುಹಾಸಿನಲ್ಲಿ ಒಂದು ಕಾಲುವೆಯಂಥ ತಗ್ಗು, ಗೋಡೆಯಿಂದ ಎರಡು ಹೆಜ್ಜೆ ಒಳಗೆ, ಸುತ್ತ ಹರಿದು ಬಂದು ತನ್ನನ್ನೇ ಸೇರಿಕೊಂಡಿತ್ತು. ಒಕ್ಕಣೆ ಯಂತ್ರ ತಿರುಗಿಸಲು ಕುದುರೆಗಳು ಇಲ್ಲಿ ಸುತ್ತುತ್ತಿದ್ದವು ಎಂದು ವರದಿಯಲ್ಲಿ ಅರ್ಧ ಸಾಲು ಇತ್ತು. ಕಲ್ಲು ಗೇಣಾಳ ಸವೆದಿದೆ ಎಂದು ಇರಲಿಲ್ಲ. ಅವಳು ಆ ತಗ್ಗಿನಲ್ಲಿ ಕಾಲಿಟ್ಟು ಒಂದು ಸುತ್ತು ನಡೆದಳು. ಗೊರಸು ಸವೆಸಿದ ಕಲ್ಲು ಪಾದರಕ್ಷೆಯೊಳಗಿಂದಲೂ ನುಣುಪಾಗಿ ತಾಗುತ್ತಿತ್ತು. ಎಷ್ಟು ಕುದುರೆಗಳೋ, ಎಷ್ಟು ಚಳಿಗಾಲಗಳೋ.

“ಕೊಳೆತಿರೋ ತೊಲೆ ಯಾವ್ದು?” ಎಂದು ಕೇಳಿದಳು. ಐದು ತಿಂಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು.

ಗಿಲಿಯನ್ ಮೇಲೆ ತೋರಿಸಿದಳು. ಹೆದ್ದೊಲೆಯ ಒಂದು ತುದಿ ಕಪ್ಪಗೆ, ಬಿರುಕುಬಿಟ್ಟು, ಸುಟ್ಟ ಬ್ರೆಡ್ಡಿನ ಹಾಗೆ ಕಾಣುತ್ತಿತ್ತು.

“ಮುಟ್ಟಿ ನೋಡಿದಾರಾ ಯಾರಾದ್ರೂ?”

“ಎಂಜಿನಿಯರ್ ಕೆಳಗಿಂದ ನೋಡಿದಾರೆ. ಏಣಿ ಇರ್ಲಿಲ್ಲ ಅಂತ ಬರ್ದಿದಾರೆ,” ಎಂದಳು ಗಿಲಿಯನ್. ಹೇಳುವಾಗ ಅವಳ ಮುಖವೇ ಸಣ್ಣಗಾಯಿತು.

ಯೂವನ್ ಏಣಿ ತಂದಿಟ್ಟ. ಎಪ್ಪತ್ತೊಂಬತ್ತರ ವಿಲ್ಫ್ ಹತ್ತತೊಡಗಿದ. ಬೇಡ ಎಂದ ಅಧ್ಯಕ್ಷರಿಗೆ, “ಬಿದ್ರೆ ನಂಗೆ ಪೆಟ್ಟಿಗೆ ನಾನೇ ಮಾಡಿಟ್ಟಿದೀನಿ, ಯೋಚ್ನೆ ಬೇಡ,” ಎಂದ. ಮೇಲೇರಿ, ಜೇಬಿನ ಚೂರಿ ತೆಗೆದು ಕಪ್ಪು ಮರಕ್ಕೆ ಚುಚ್ಚಿದ. ಮೊನೆ ಒಂದು ಬೆರಳುಗುರಿನಷ್ಟು ಹೋಗಿ ಟಕ್ಕೆಂದು ನಿಂತಿತು. ಮೈಭಾರ ಬಿಟ್ಟು ಒತ್ತಿದ. ಚೂರಿ ಬಾಗಿತೇ ಹೊರತು ಒಳಗಿಳಿಯಲಿಲ್ಲ. ಆಮೇಲೆ ಒಂದು ಚಕ್ಕೆ ಕೆತ್ತಿ, ಮೂಸಿ, ಆಡ್ರಿಯ ಕೈಗೆ ಇಳಿಸಿದ.

ಕಪ್ಪು ಸಿಪ್ಪೆಯ ಹಿಂದೆ ಮರ ಜೇನಿನ ಬಣ್ಣಕ್ಕಿತ್ತು. ಇನ್ನೂರು ವರ್ಷದ ಹಿಂದೆ ಕಡಿದ ಮರ, ನಿನ್ನೆ ಸೀಳಿದಂತೆ ಒಗರು ವಾಸನೆ ಬೀರುತ್ತಿತ್ತು. ಚಕ್ಕೆ ಕೈಯಿಂದ ಕೈಗೆ ದಾಟಿತು. ಗಿಲಿಯನ್ ಎಲ್ಲರಿಗಿಂತ ಹೆಚ್ಚು ಹೊತ್ತು ಮೂಸಿದಳು.

“ಕಬ್ಬಿಣ ಆಗ್ಬಿಟ್ಟಿದೆ ಕಣೇ,” ಎಂದ ವಿಲ್ಫ್ ಏಣಿಯ ಮೇಲಿಂದ. “ಒಂದ್ ಮೊಳೆ ಇಲ್ಲ ಇದ್ರಲ್ಲಿ. ಎಲ್ಲ ಮರದ ಬೆಣೆ. ಜೀವ್ಮಾನ ಪೂರ್ತಿ ಮರಗೆಲ್ಸ ಮಾಡ್ದೆ ಅಂತ ಹೇಳ್ಕೊಂಡ್ ತಿರುಗ್ತಿದ್ನಲ್ಲ ನಾನು.”

ಮುಂದಿನ ವಾರ ಟೌನ್ ಹಾಲಿನಲ್ಲಿ ಸಭೆ. ಎಂಜಿನಿಯರ್ ಮತ್ತೆ ಹೋಗಿ ಕೊರೆದು ನೋಡಿ ತಪ್ಪೊಪ್ಪಿಕೊಂಡಿದ್ದ: ತೊಲೆ ಗಟ್ಟಿ ಇದೆ, ಗೋಡೆ ಗಟ್ಟಿ ಇದೆ. ಗಿಲಿಯನ್ ಅದನ್ನು ಮುಚ್ಚಿಡದೆ ಓದಿದಳು. ಆದರೆ ಇನ್ನೊಂದು ಕಾರಣ ಉಳಿದಿತ್ತು. ಜಾಗ ತೀರಾ ಒಂಟಿ. ಅಲ್ಲಿ ಜನವಸತಿ ಇಲ್ಲ.

ನಾಲ್ವರು ಅದನ್ನೇ ಹಿಡಿದು ಬೇಡ ಎಂದರು. ಆಡ್ರಿ ಎದ್ದು ನಿಂತಳು. ಬಸ್ಸಿನಲ್ಲಿ ನಲವತ್ತು ಮಕ್ಕಳನ್ನು ಒಂದೇ ಕೂಗಿಗೆ ಸುಮ್ಮನಾಗಿಸುತ್ತಿದ್ದವಳು ಈಗ ಮುಂದಿನ ಮೇಜನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಅಧ್ಯಕ್ಷರೇ, ಅಲ್ಲಿ ಜನ ಇದ್ರು. ಹೇರ್ಲಾ ಗೇಟಲ್ಲಿ ನಾನು ದಿನಾ ಬಸ್ ನಿಲ್ಲಿಸ್ತಿದ್ದೆ. ಹನ್ನೊಂದು ಮಕ್ಳು ಹತ್ತೋವು. ಆಮೇಲೆ ಆರಾದ್ರು, ಎರಡಾದ್ರು. ಕೊನೇ ಹುಡ್ಗಿ ಒಬ್ಳೇ ಹತ್ತೋಳು, ನನ್ ಹಿಂದಿನ ಸೀಟಲ್ಲೇ ಕೂತ್ಕೊಳೋಳು. ಒಂಟಿ ಜಾಗ ಅಂತೀರಲ್ಲ, ಆ ಜಾಗ ಹುಟ್ಟಾ ಒಂಟಿಯಾಗಿರ್ಲಿಲ್ಲ. ಮನೆ ಬೇಡ ಬೇಡ ಅಂದು ನಾವೇ ಒಂಟಿ ಮಾಡಿದ್ದು.” ಮುಂದೆ ಏನೋ ಹೇಳಬೇಕೆಂದಿದ್ದಳು, ಮರೆತುಹೋಯಿತು. ಕೂತುಬಿಟ್ಟಳು.

ಐದು ಕೈ ಮೇಲೆದ್ದವು, ನಾಲ್ಕು ವಿರುದ್ಧ. ನೆಲದ ಆ ಸುತ್ತನ್ನು ಮುಚ್ಚಕೂಡದೆಂಬ ಒಂದು ಷರತ್ತು ಸೇರಿಸಿ ಅನುಮತಿ ಕೊಟ್ಟರು. ಆ ಷರತ್ತು ಬರೆದವಳು ಗಿಲಿಯನ್. ಸಾರ್ವಜನಿಕರ ಸಾಲಿನಲ್ಲಿ ಮೋರಗ್ ಗಂಡನ ಕೋಟಿನ ತೋಳಿಗೆ ಮುಖ ಒತ್ತಿಕೊಂಡು ಕೂತಿದ್ದಳು.

ಜೂನಿನಲ್ಲಿ ಯೂವನ್ ಕಲ್ಲುಹೆಂಚು ಇಳಿಸತೊಡಗಿದ. ಮೂರನೇ ದಿನವೇ ಆಡ್ರಿಗೆ ಅವನ ಫೋನು. “ವಿಲ್ಫ್‌ನ ಕರ್ಕೊಂಡ್ ಈಗ್ಲೇ ಬನ್ನಿ. ಹೇಳಿದ್ರೆ ಗೊತ್ತಾಗಲ್ಲ.”

ಆಡ್ರಿ, ವಿಲ್ಫ್ ಇಬ್ಬರೂ ಗೋಡೆಗೆ ಕಟ್ಟಿದ್ದ ಹಲಗೆಯ ಸಾರುವೆ ಹತ್ತಿದರು. ಚಾವಣಿ ತೆರೆದಿತ್ತು, ಹೆದ್ದೊಲೆಯ ಮೇಲುಬದಿಗೆ ಕಟ್ಟಿದಂದಿನಿಂದ ಮೊದಲ ಬಾರಿಗೆ ಪೂರಾ ಬಿಸಿಲು ಬಿದ್ದಿತ್ತು. ಅಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಕೈವಾರದ ಮೊನೆಯಿಂದ ಗೀರಿದ ಗೆರೆಗಳು: ಒಂದು ವೃತ್ತ, ಏಳು ಕಂಬ, ಪ್ರತಿ ಜಂತೆಯ ಓರೆ, ಪ್ರತಿ ಬೆಣೆಯ ಜಾಗ. ಇಡೀ ಕಟ್ಟಡ ಎರಡು ಅಂಗೈ ಅಗಲದಲ್ಲಿ ಇತ್ತು. ಕೆಳಗೆ ಹೆಸರಿಲ್ಲ, ಇಸವಿ ಇಲ್ಲ.

ವಿಲ್ಫ್ ಮೊಣಕಾಲೂರಿ, ಗೆರೆಯ ಮೇಲೆ ಬೆರಳಾಡಿಸುತ್ತಾ ಬಹಳ ಹೊತ್ತು ಕೂತ.

“ಇದ್ನ ಕಟ್ಟಿದೋನ್ ನಕ್ಷೆಗೆ ಯಾವ ಸಮಿತಿ ಕೈ ಎತ್ತಿತ್ತೋ?” ಎಂದಳು ಆಡ್ರಿ ಮೆಲ್ಲಗೆ.

ಅವನು ನಗಲಿಲ್ಲ. “ಇನ್ನೊಂದ್ ಸ್ವಲ್ಪ ಹೊತ್ತು ಇರೋಣ ಮಾರಾಯ್ತಿ,” ಎಂದ.

ಕೆಳಗಿನಿಂದ ಮೋರಗ್ ಟೀ ಆಯಿತೆಂದು ಎರಡು ಸಲ ಕೂಗಿದಳು. ಇಬ್ಬರೂ ಅಲ್ಲಾಡಲಿಲ್ಲ.